ಇಳಿಜಾರಿನ ಬೆಂಚು

ಬೇಡ ಬೇಡ, ಷಟರ್ ಎಳೀಬೇಡ ಅಣ್ಣಾ! ತಲೆ ಒಳಗಿದೆ ನಂದು! ಈ ವಾರ್ಡಿನ ಕೌನ್ಸಿಲರ್ ತಲೆ, ಅದೂ ಸ್ವಂತ ಅಣ್ಣನ ಹೊಲಿಗೆ ಅಂಗಡಿ ಷಟರಿಗೆ ಸಿಕ್ಕಿದ್ರೆ ಪೇಪರ್‌ನಲ್ಲಿ ಹಾಕ್ತಾರೆ… ಹಾಂ, ಹಂಗೇ ಇರ್ಲಿ. ಬಗ್ಗಿ ಬರ್ತೀನಿ. ನೀನು ಮಾತಾಡ್ಬೇಡ, ಪರ್ವಾಗಿಲ್ಲ. ಮಾತು ಬಿಟ್ಟಿದೀಯ, ಕಿವಿ ಬಿಟ್ಟಿಲ್ವಲ್ಲ?

ಗೊತ್ತು, ಗೊತ್ತು. ಬೆಂಚು. ಇವತ್ತೂ ನಿನ್ನಂಗಡಿ ಮುಂದೇನೇ ಬಂದು ನಿಂತಿದೆ. ನಾನೇನ್ ಮಾಡ್ಲಿ ಹೇಳು? ಇಳಿಜಾರು! ಬೀದಿ ತುದೀಲಿ ಬಿಟ್ಟಿದ್ದು ಬುಡಕ್ಕೆ ಬರುತ್ತೆ. ಬುಡದಲ್ಲಿ ನೀನಿದೀಯ.

ಯಾಕೆ ಹಂಗ್ ನೋಡ್ತೀಯ? ಚಕ್ರ ಹಾಕ್ಸಿದ್ದು ನಾನಲ್ಲಪ್ಪ! ವಯಸ್ಸಾದೋರು ಕೂರೋಕೆ ಬೀದಿಗೊಂದು ಬೆಂಚು ಅಂತ ನಾನು ತಂದೆ, ಅಷ್ಟೇ. ಹಲ್ಲಿನ ಡಾಕ್ಟರು, ನಮ್ಮನೆ ಮುಂದೆ ಬೇಡ, ಕೂತೋರು ಕಿಟಕಿ ಒಳಗೆ ಇಣುಕ್ತಾರೆ ಅಂದ್ರು. ಸರಿ, ಎದುರು ಮನೆಗೆ ಹಾಕ್ಸೋಣ ಅಂದೆ. ಅದು ಹೆಂಗೆ, ಅವರಿಗ್ಯಾಕೆ ಬೆಂಚು, ನಾವೇನ್ ಪಾಪ ಮಾಡಿದೀವಿ ಅಂತ ಅದೇ ಡಾಕ್ಟರು ಎದ್ದು ನಿಂತ್ರು! ಆಗ ನಮ್ಮ ರಿಟೈರ್ಡ್ ಕಂಡಕ್ಟರು, ಜಗಳ ಯಾಕೆ, ಬೆಂಚಿಗೆ ಚಕ್ರ ಹಾಕಿ, ಮನೆಮನೆಗೂ ಸ್ಟಾಪ್ ಕೊಡಿ ಅಂದ್ರು. ಎಲ್ರೂ ಚಪ್ಪಾಳೆ. ಈಗ ಸೀಟಿ ಇಟ್ಕೊಂಡು ಬೆಂಚಿನ ಮುಂದೆ ಓಡಾಡ್ತಾರೆ ಮಹಾನುಭಾವರು.

ನಕ್ಕೆ! ಇಲ್ಲ, ನಕ್ಕೆ ನೀನು, ಮೀಸೆ ಅಲ್ಲಾಡ್ತು! ಸರಿ ಬಿಡು, ಕೆಮ್ಮು. ಕೆಮ್ಮು ಅಂತಾನೇ ಇಟ್ಕೊಳ್ಳೋಣ.

ಮೊನ್ನೆ ಲಾಂಡ್ರಿ ದೊಡ್ಡಮ್ಮ ಕೂತಿದ್ದ ಹಾಗೇ ಬೆಂಚು ಹೊರಟುಬಿಡ್ತು! ಬಟ್ಟೆ ಗಂಟು ಮಡಿಲಲ್ಲಿ, ಕೂದಲು ಗಾಳೀಲಿ… ನಿನ್ನ ಮೆಟ್ಟಿಲಿಗೆ ತಗುಲಿ ನಿಲ್ತಲ್ಲ, ನೀನೇ ಕೈ ಹಿಡಿದು ಇಳಿಸ್ದೆಯಲ್ಲ. ಇಳಿದೋರು ಏನಂದ್ರು ಹೇಳು? ಇನ್ನೊಂದ್ಸಲ ಹೋಗೋಣ್ವಾ ಅಂದ್ರು!

ಏನ್ ಸನ್ನೆ ಅದು, ಇಟ್ಟಿಗೆನಾ? ಇಡ್ತಾರಣ್ಣ, ಉರುಳದ ಹಾಗೆ ಚಕ್ರಕ್ಕೆ ದಿನಾ ಇಟ್ಟಿಗೆ ಅಡ್ಡ ಕೊಡ್ತಾರೆ. ಬೆಳಗಾಗೋದ್ರೊಳಗೆ ಮಾಯ! ಯಾವನೋ ಕಳ್ಳ. ಅದಕ್ಕೇ ಇಟ್ಟಿಗೆ ಕಳ್ಳನ ಪತ್ತೆ ಸಮಿತಿ ಮಾಡಿದೀವಿ. ಅಧ್ಯಕ್ಷ ನಾನೇ. ತನಿಖೆ ಜೋರಾಗಿ ನಡೀತಿದೆ… ಯಾಕೆ ನನ್ನ ಚೀಲ ನೋಡ್ತೀಯ? ಆಲೂಗಡ್ಡೆ ಅದು, ಅತ್ತಿಗೆಗೆ ಅಂತ ತಂದೆ. ಅಂಗಿ ನೋಡು ಬೇಕಾದ್ರೆ. ಗುಂಡಿ ಕಿತ್ತೋಗಿದೆ. ಚುನಾವಣೆ ಆದಾಗಿಂದ ಹಿಂಗೇ ಓಡಾಡ್ತಿದೀನಿ. ಬೇರೆ ಟೈಲರ್ ಹತ್ರ ಹೋಗೋಕೆ ಮನಸ್ಸು ಬರಲ್ಲ.

ಚುನಾವಣೆ ಅಂದ ತಕ್ಷಣ ಮುಖ ತಿರುಗಿಸ್ತೀಯಲ್ಲ! ಎಷ್ಟು ಸಲ ಹೇಳ್ಲಿ? ನೀನು ಎದುರಾಳಿ ಇಲ್ದೆ ಗೆದ್ರೆ ಏನು ಮರ್ಯಾದೆ, ಯಾರಾದ್ರೂ ಒಬ್ಬ ಸೋಲೋನು ಬೇಕಲ್ಲ ಅಂತ ನಿಂತೆ. ಸೋಲೋಕೆ ಅಂತಾನೇ ನಿಂತಿದ್ದು! ನನ್ನ ಓಟೂ ನಿಂಗೇ ಹಾಕ್ದೆ! ಈ ಜನ ನೋಡು, ಗೆಲ್ಸಿ ಕೂರಿಸಿಬಿಟ್ರು. ಈಗ ವಾರ್ಡಿಗೆ ವಾರ್ಡೇ ನನ್ನ ಜೊತೆ ಮಾತಾಡುತ್ತೆ. ಕೊಳಾಯಿ ನಿಂತ್ರೂ ನಾನೇ, ನಾಯಿ ಬೊಗಳಿದ್ರೂ ನಾನೇ. ನೀನೊಬ್ಬ ಮಾತಾಡಲ್ಲ. ತಡ್ಕೊಳ್ಳೋಕಾಗ್ತಿಲ್ಲ ಅಣ್ಣ ನಂಗೆ.

ಸರಿ, ಏಳು. ದಿನದ ಹಾಗೆ ಮೇಲಕ್ಕೆ ತಳ್ಳೋಣ ಬಾ. ಆ ತುದಿ ನೀನು, ಈ ತುದಿ ನಾನು. ಚಿಕ್ಕೋರಿದ್ದಾಗ ಅಪ್ಪನ ಕೈಗಾಡಿ ತಳ್ತಿದ್ವಲ್ಲ, ಹಂಗೆ… ಏಯ್, ಎಲ್ಲಿಗೆ? ಚೀಲ ಬಿಡು! ಅಣ್ಣಾ, ಬಿಡು ಅಂದ್ನಲ್ಲ! ಆಲೂಗಡ್ಡೆ ಅಂತ ಹೇಳಿ…

…

ಹ್ಞೂಂ. ಇಟ್ಟಿಗೆ.

ಹಂಗ್ ಸುಮ್ನೆ ನೋಡ್ಬೇಡ. ಬೈ. ನಾಲ್ಕು ಬೈದುಬಿಡು, ಸಾಕು… ಇನ್ನೇನ್ ಮಾಡ್ಲಿ ನಾನು? ಬೆಂಚು ಅಡ್ಡ ಬಂದ್ರೆ ಮಾತ್ರ ಅಂಗಡಿ ಬಿಟ್ಟು ಹೊರಗೆ ಬರ್ತೀಯ. ಬೀದಿ ತುದಿವರೆಗೂ ನನ್ನ ಜೊತೆ ನಡೀತೀಯ.

ಅಯ್ಯೋ, ಇಟ್ಟಿಗೆ ಎತ್ಕೊಂಡ್ಯಾ! ಎಸೀಬೇಡ ಅಣ್ಣಾ, ಸಮಿತಿ ಅಧ್ಯಕ್ಷ ನಾನು!… ಹಾಂ? ಹೊರಗೆ ಹೋಗಿ ಚಕ್ರಕ್ಕೆ ಯಾಕೆ ಅಡ್ಡ ಕೊಡ್ತಿದೀಯ? ಬೆಂಚು ಇಲ್ಲೇ ನಿಂತುಬಿಡುತ್ತೆ, ನಿನ್ನಂಗಡಿ ಮುಂದೇನೇ… ಆ ಚಕ್ರಕ್ಕೂನಾ?

…

ಕೂರ್ಲಾ? ಬೆಂಚ್ ಮೇಲೆ, ನಿನ್ನ ಪಕ್ಕದಲ್ಲಾ?… ಕೂತೆ. ಕೂತೆ ಕಣಣ್ಣ.

ಏನದು ಕೈಲಿ? ಸೂಜಿನಾ… ಅಂಗಿ ಬಿಚ್ಲಾ? ಬೇಡ್ವಾ?… ಸರಿ. ಅಲ್ಲಾಡಲ್ಲ, ಹೊಲಿ.