ಹಲ್ಲಿನ ಡಾಕ್ಟರ ಐದು ಚಿನ್ನದ ನಾಣ್ಯಗಳು

ಹೇಳಿಕೆ ಕೊಡುವವರ ಹೆಸರು ಮತ್ತು ಮನೆ ವಿಳಾಸ: ಜೊತೆಗಿಟ್ಟ ಗುರುತಿನ ಚೀಟಿಯಲ್ಲಿ ಇರುವಂತೆ. ವಯಸ್ಸು: 58 ವರ್ಷ. ಉದ್ಯೋಗ: ಚಿನ್ನದ ನಾಣ್ಯಗಳ ಪರೀಕ್ಷೆ, ಬೆಲೆ ಕಟ್ಟುವುದು, ಖರೀದಿ ಮತ್ತು ಮಾರಾಟ. ಅನುಭವ: 31 ವರ್ಷ. ಅಂಗಡಿ: ಮಾರುಕಟ್ಟೆ ಕಟ್ಟಡದ ಮೊದಲ ಮಹಡಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ ಎರಡನೆಯ ಬಾಗಿಲು.

ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿವೃತ್ತ ಹಲ್ಲಿನ ಡಾಕ್ಟರೊಬ್ಬರು ತಮ್ಮ ಸೊಸೆಯ ಮೇಲೆ ಇದೇ ತಿಂಗಳು 10ನೇ ತಾರೀಖು ಶನಿವಾರ ಕೊಟ್ಟಿರುವ ದೂರಿಗೆ ಆಧಾರವಾಗಿ ಒಂದು ಚೀಟಿ ಲಗತ್ತಿಸಿದ್ದಾರೆ. ಆ ಚೀಟಿ ಬರೆದವನು ನಾನು. ಅದರಲ್ಲಿ ಬರೆದದ್ದು ಸುಳ್ಳಲ್ಲ. ಬರೆಯದೆ ಬಿಟ್ಟದ್ದನ್ನು ಹೇಳಲು ಬಂದಿದ್ದೇನೆ.

ಡಾಕ್ಟರು ನನಗೆ ಒಂಬತ್ತು ವರ್ಷಗಳಿಂದ ಪರಿಚಯ. ಒಂಬತ್ತು ವರ್ಷದ ಹಿಂದೆ ಅವರು ನನ್ನಿಂದ ಐದು ಚಿನ್ನದ ನಾಣ್ಯ ಕೊಂಡರು. ಐದೂ ಒಂದೇ ಟಂಕಸಾಲೆಯವು, ಒಂದು ಕಡೆ ಓಡುವ ಕುದುರೆ. ತೂಕ ತಲಾ 33.93 ಗ್ರಾಂ, ಇಪ್ಪತ್ತೆರಡು ಕ್ಯಾರೆಟ್. ಇವು ಪ್ರೂಫ್ ದರ್ಜೆಯವು. ಅಂದರೆ ಹಿನ್ನೆಲೆ ಕನ್ನಡಿಯಂತೆ, ಕುದುರೆ ಮಾತ್ರ ಮಂಜು ಹಿಡಿದಂತೆ ಮಸುಕು. ಸಂಗ್ರಹ ಮಾಡುವವರು ಇಂಥ ನಾಣ್ಯಕ್ಕೆ ಚಿನ್ನದ ಬೆಲೆಗಿಂತ ಮೂರನೇ ಒಂದು ಪಾಲು ಹೆಚ್ಚು ಕೊಡುತ್ತಾರೆ. ಆ ಹೆಚ್ಚಿನ ಪಾಲು ಇರುವುದು ಚಿನ್ನದಲ್ಲಲ್ಲ, ಯಾರೂ ಮುಟ್ಟದ ಆ ಮೈಯಲ್ಲಿ. ಆದ್ದರಿಂದ ಅವನ್ನು ಪ್ಲಾಸ್ಟಿಕ್ ಡಬ್ಬಿಯಿಂದ ಹೊರಗೆ ತೆಗೆಯಬಾರದು, ತೆಗೆದರೂ ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಒರೆಸಲೇಬಾರದು. ಇದನ್ನು ಮಾರಿದ ದಿನವೇ ಡಾಕ್ಟರಿಗೆ ಹೇಳಿದ್ದೆ. ನಾನು ಹೇಳುವಾಗ ಅವರು ತಮ್ಮ ಸಂಗ್ರಹ ಎಷ್ಟು ದೊಡ್ಡದಾಗಲಿದೆ ಎಂದು ನನಗೆ ಹೇಳುತ್ತಿದ್ದರು.

ಸಂಗ್ರಹಕಾರರಲ್ಲಿ ಮೂರು ಜಾತಿ. ಪಕ್ಕದ ಮನೆಯವನು ಕೊಂಡನೆಂದು ಕೊಳ್ಳುವವರು, ನಾಣ್ಯವನ್ನು ಹಲ್ಲಿನಲ್ಲಿ ಕಚ್ಚಿ ನೋಡುವವರು, ಒಂದು ಪುಸ್ತಕ ಓದಿ ನನಗೇ ಪಾಠ ಹೇಳುವವರು. ಇದು ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ಬರೆದುಕೊಳ್ಳುವ ಅಧಿಕಾರಿಗಳು ಹೇಳಿದರು. ಡಾಕ್ಟರು ಮೂರನೆಯ ಜಾತಿಯವರು ಎಂದಷ್ಟೇ ಬರೆದುಕೊಳ್ಳಬೇಕೆಂದು ಕೋರಿದೆ.

9ನೇ ತಾರೀಖು ಶುಕ್ರವಾರ ಮಧ್ಯಾಹ್ನ 12 ಗಂಟೆ 50 ನಿಮಿಷಕ್ಕೆ ಡಾಕ್ಟರು ನನ್ನ ಅಂಗಡಿಗೆ ಬಂದರು. ನಾಣ್ಯ ಸಂಗ್ರಹಕಾರರ ಸಂಘದ ಪ್ರದರ್ಶನದಲ್ಲಿ ಈ ಐದನ್ನು ಇಡುವುದಿದೆ, ದರ್ಜೆ ಮತ್ತು ಬೆಲೆ ಬರೆದ ಚೀಟಿ ಬೇಕು ಎಂದರು. ಬಟ್ಟೆಯ ಚೀಲದಿಂದ ನಾಣ್ಯಗಳನ್ನು ಒಂದೊಂದಾಗಿ ಬೆರಳಿನಿಂದಲೇ ತೆಗೆದು ನನ್ನ ಮೇಜಿನ ಮೇಲಿಟ್ಟರು. ಡಬ್ಬಿಗಳು ಇರಲಿಲ್ಲ. ಕೇಳಿದಾಗ, ಡಬ್ಬಿಯೊಳಗೆ ಇಟ್ಟರೆ ಉಸಿರು ಕಟ್ಟಿದ ಹಾಗಿರುತ್ತದೆ ಎಂದು ಕೊಂಡ ವಾರವೇ ಬಿಸಾಡಿದೆ ಎಂದರು.

ಮೊದಲ ನಾಣ್ಯ ನೋಡುವುದಕ್ಕೆ ನನಗೆ ಮಸೂರವೂ ಬೇಕಾಗಲಿಲ್ಲ. ಕನ್ನಡಿ ಹೋಗಿತ್ತು. ಮಂಜೂ ಹೋಗಿತ್ತು. ಕುದುರೆ ಹಿತ್ತಾಳೆಯ ಬಾಗಿಲ ಹಿಡಿಯ ಹಾಗೆ ಹೊಳೆಯುತ್ತಿತ್ತು. ನಾನು ಏನೂ ಕೇಳದಿದ್ದರೂ ಡಾಕ್ಟರು ತಾವಾಗಿಯೇ, ನಲವತ್ತು ವರ್ಷ ಜನರ ಹಲ್ಲು ಹೊಳೆಸಿದ ಕೈ ಇದು, ಪ್ರತಿ ಭಾನುವಾರ ಬೆಳಿಗ್ಗೆ ನಲವತ್ತು ನಿಮಿಷ ಈ ಐದಕ್ಕೇ ಮೀಸಲು, ಕ್ಲಿನಿಕ್ ಮುಚ್ಚುವಾಗ ಉಳಿದಿದ್ದ ಹಲ್ಲು ಪಾಲಿಶ್ ಮಾಡುವ ಪೇಸ್ಟ್ ಚೂರು ಹಚ್ಚಿ ಹತ್ತಿಯಿಂದ ಉಜ್ಜುತ್ತೇನೆ, ನಿಮ್ಮಲ್ಲಿದ್ದಾಗ ಇವಕ್ಕೆ ಇಷ್ಟು ಹೊಳಪು ಯಾವತ್ತಾದರೂ ಇತ್ತಾ ಎಂದು ಕೇಳಿದರು. ನಾನು ಇರಲಿಲ್ಲ ಎಂದೆ. ಅದು ನಿಜವೇ ಆಗಿತ್ತು.

ಆ ಪೇಸ್ಟಿನಲ್ಲಿ ನುಣ್ಣಗಿನ ಕಲ್ಲಿನ ಪುಡಿ ಇರುತ್ತದೆ. ಹಲ್ಲಿನ ಕೊಳೆ ಕೀಳಲು ಮಾಡಿದ್ದು. ಒಂಬತ್ತು ವರ್ಷದ ಭಾನುವಾರಗಳಲ್ಲಿ ಈ ಮನುಷ್ಯ ತನ್ನ ಕೈಯಾರೆ ತನ್ನ ಸಂಗ್ರಹವನ್ನು ಉಜ್ಜಿ ಹಾಕಿದ್ದರು, ಅದನ್ನು ತಂದು ನನ್ನ ಮುಂದೆ ಜಂಭ ಕೊಚ್ಚುತ್ತಿದ್ದರು. ನನಗೆ ಆಗ ಏನನ್ನಿಸಿತು ಎಂದು ಅಧಿಕಾರಿಗಳು ಕೇಳಿದರು. ಪರಮಾನಂದವಾಯಿತು. ಒಂಬತ್ತು ವರ್ಷ ನನ್ನ ತಲೆ ತಿಂದಿದ್ದರು. ಈ ಬೆಪ್ಪುತಕ್ಕಡಿಗೆ ಕಾರಣ ಹೇಳಬಾರದು, ತಾನೇ ಯೋಚಿಸಿ ಯೋಚಿಸಿ ಒದ್ದಾಡಲಿ ಎಂದುಕೊಂಡೆ.

1 ಗಂಟೆ 10 ನಿಮಿಷಕ್ಕೆ ಚೀಟಿ ಬರೆದುಕೊಟ್ಟೆ. ಅದರಲ್ಲಿದ್ದದ್ದು ಇಷ್ಟು: ಐದು ನಾಣ್ಯಗಳು, ಅಸಲಿ ಚಿನ್ನ, ಪ್ರೂಫ್ ದರ್ಜೆಗೆ ಸೇರುವುದಿಲ್ಲ, ಚಿನ್ನದ ಬೆಲೆ ಮಾತ್ರ. ಡಾಕ್ಟರು ಓದಿ ಬಿಳಿಚಿಕೊಂಡರು. ನೀವೇ ಪ್ರೂಫ್ ಅಂತ ಮಾರಿದಿರಲ್ಲ ಎಂದರು. ಹೌದು, ನಾನು ಮಾರಿದ್ದು ಪ್ರೂಫೇ ಎಂದೆ. ಮತ್ತೆ ಇದು ಹೇಗೆ ಎಂದು ಕೇಳಿದರು. ಮನೆಗೆ ಹೋಗಿ ನಿಧಾನವಾಗಿ ಯೋಚನೆ ಮಾಡಿ ಡಾಕ್ಟ್ರೇ ಎಂದೆ. ಅವರು ಬಾಗಿಲ ಬಳಿ ನಿಂತು, ಹಾಗಾದ್ರೆ ಇವು ನನ್ನವಲ್ಲ ಎಂದು ಗೊಣಗಿದರು. ನಾನು ನಿಂತದ್ದು ಎರಡು ಮೀಟರ್ ದೂರದಲ್ಲಿ. ಮಾತು ಸ್ಪಷ್ಟವಾಗಿ ಕೇಳಿಸಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ಬುದ್ಧಿ ಬರುತ್ತದೆ ಎಂದುಕೊಂಡು ಸುಮ್ಮನಿದ್ದೆ. ಅವರು ಹೋದ ಮೇಲೆ ಪಕ್ಕದ ಅಂಗಡಿಯ ವಾಚು ರಿಪೇರಿಯವನಿಗೆ ಈ ಕಥೆ ಹೇಳಿದೆ. ಇಬ್ಬರೂ ಊಟದ ಡಬ್ಬಿ ಮುಂದಿಟ್ಟುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

13ನೇ ತಾರೀಖು ಮಂಗಳವಾರ, ಅಂದರೆ ನಿನ್ನೆ, ಬೆಳಿಗ್ಗೆ 11 ಗಂಟೆ 5 ನಿಮಿಷಕ್ಕೆ ಡಾಕ್ಟರು ಅದೇ ಚೀಲದೊಂದಿಗೆ ಮತ್ತೆ ಬಂದರು. ಸೊಸೆಯ ಮೇಲೆ ದೂರು ಕೊಟ್ಟಿದ್ದೇನೆ ಎಂದರು. ಬೀರುವಿನ ಇನ್ನೊಂದು ಕೀಲಿ ಇರುವುದು ಅವಳ ಹತ್ತಿರ, ಪ್ರೂಫ್ ನಾಣ್ಯ ತೆಗೆದು ಮಾಮೂಲಿ ನಾಣ್ಯ ಇಟ್ಟಿದ್ದಾಳೆ, ಮಗ ರೈಲು ಓಡಿಸುವ ಕೆಲಸದ ಮೇಲೆ ಗುರುವಾರದ ತನಕ ಹೊರಗಿರುತ್ತಾನೆ, ಅಷ್ಟರೊಳಗೆ ಇದು ಇತ್ಯರ್ಥವಾಗಬೇಕು ಎಂದರು. ಸೊಸೆ ಆಸ್ಪತ್ರೆಯಲ್ಲಿ ಔಷಧಿ ಉಗ್ರಾಣ ನೋಡಿಕೊಳ್ಳುವವಳು, ದೂರಿನ ಸುದ್ದಿ ತಿಳಿದು ಸೋಮವಾರವೇ ಅಲ್ಲಿಯವರು ಉಗ್ರಾಣದ ಕೀಲಿಗೊಂಚಲು ವಾಪಸ್ ತೆಗೆದುಕೊಂಡರು ಎಂದೂ ಹೇಳಿದರು. ಕಳ್ಳತನ ರುಜುವಾತಾದರೆ ಕೆಲಸವೂ ಹೋಗುತ್ತದೆ ಎಂದು ಸಮಾಧಾನದಿಂದ ಸೇರಿಸಿದರು. ಠಾಣೆಯವರು ವಿವರವಾದ ಪ್ರಮಾಣಪತ್ರ ಕೇಳಿದ್ದಾರೆ, ಇವು ನಾನು ಮಾರಿದ ನಾಣ್ಯಗಳೇ ಅಲ್ಲ ಎಂದು ಬರೆದುಕೊಡಿ ಎಂದರು.

ಮಾರಿದ ಪ್ರತಿಯೊಂದು ನಾಣ್ಯದ ಫೋಟೋ ನಾನು ಇಟ್ಟಿರುತ್ತೇನೆ. ಆ ಐದರ ಹಳೆಯ ಫೋಟೋಗಳನ್ನು ಹುಡುಕಿ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದ ಜೊತೆ ಡಾಕ್ಟರ ಮುಂದೆ ಇಟ್ಟೆ. ಮೂರನೆಯ ನಾಣ್ಯದ ಅಂಚಿನಲ್ಲಿ ಅರ್ಧ ಮಿಲಿಮೀಟರಿನ ಒಂದು ತಗ್ಗಿದೆ. ಮಾರುವ ಮುಂಚೆ ನನ್ನ ಚಿಮಟವೇ ಜಾರಿ ಆದದ್ದು. ಫೋಟೋದಲ್ಲೂ ಇದೆ, ನಾಣ್ಯದಲ್ಲೂ ಅದೇ ಜಾಗದಲ್ಲಿದೆ. ಐದೂ ಕುದುರೆಗಳ ಕತ್ತಿನ ಕೂದಲಿನ ಸಂದಿಯಲ್ಲಿ, ಹತ್ತಿ ತಲುಪದ ಕಡೆ, ಹಳೆಯ ಮಂಜು ಇನ್ನೂ ಉಳಿದಿದೆ. ಮಾಮೂಲಿ ನಾಣ್ಯದಲ್ಲಿ ಅದು ಇರುವುದಿಲ್ಲ. ಅದೇ ಸಂದಿಗಳಲ್ಲಿ ಬಿಳಿ ಪೇಸ್ಟ್ ಒಣಗಿ ಗಟ್ಟಿಯಾಗಿದೆ. ಮೈಮೇಲೆಲ್ಲ ಕೂದಲೆಳೆಯಂಥ ಸುತ್ತು ಸುತ್ತಿನ ಗೀರುಗಳು. ಇವು ನಿಮ್ಮವೇ ನಾಣ್ಯಗಳು, ಯಾರೂ ಬದಲಾಯಿಸಿಲ್ಲ, ನೀವೇ ಉಜ್ಜಿ ಹಾಳು ಮಾಡಿದ್ದೀರಿ ಎಂದು ಹೇಳಿದೆ.

ಡಾಕ್ಟರು ಮಸೂರಕ್ಕೆ ಕಣ್ಣಿಟ್ಟು ಐದನ್ನೂ ಒಂದೊಂದಾಗಿ ನೋಡಿದರು. ಜೀವನಪೂರ್ತಿ ಸಣ್ಣ ಸಂದಿಗಳನ್ನೇ ನೋಡಿದವರು, ಅವರಿಗೆ ಅರ್ಥವಾಗದೆ ಇರುವುದು ಸಾಧ್ಯವಿಲ್ಲ. ಹಾಗಾದರೆ ಈಗಲೇ ಹೋಗಿ ದೂರು ವಾಪಸ್ ತೆಗೆದುಕೊಳ್ಳಿ ಎಂದೆ. ಅವರು ಆಗುವುದಿಲ್ಲ ಎಂದರು. ಸಂಘದವರಿಗೆಲ್ಲ ದೂರಿನ ವಿಷಯ ಗೊತ್ತಾಗಿದೆ, ಈಗ ಹೋಗಿ ಪೇಸ್ಟ್ ಹಚ್ಚಿ ಉಜ್ಜಿದ್ದೆ ಅಂತ ಹೇಳ್ಲಾ, ನನ್ನ ಮುಖಕ್ಕೆ ಉಗೀತಾರೆ, ಅವಳಿಗೇನು, ನಾಲ್ಕು ದಿನ ಜನ ಮಾತಾಡ್ತಾರೆ ಆಮೇಲೆ ಮರೀತಾರೆ ಎಂದರು. ದಡ್ಡ ಎನಿಸಿಕೊಳ್ಳುವುದಕ್ಕಿಂತ ಮನೆಯಲ್ಲಿ ಒಬ್ಬ ಕಳ್ಳಿ ಇದ್ದರೆ ಈ ಮನುಷ್ಯನಿಗೆ ವಾಸಿ. ನನಗೆ ಅವರ ಮುಖ ನೋಡಲು ಹೇಸಿಗೆಯಾಯಿತು.

ಪ್ರಮಾಣಪತ್ರ ಕೊಡುವುದಿಲ್ಲ ಎಂದೆ. ಕೊಡೋದೇನೂ ಬೇಡ, ಚೀಟಿ ಇದೆ, ನೀವು ಸುಮ್ನಿದ್ರೆ ಸಾಕು, ಅವತ್ತೂ ಎಲ್ಲ ಗೊತ್ತಿದ್ದೇ ಸುಮ್ನಿದ್ರಲ್ಲ ಎಂದು ಹೇಳಿ ನಾಣ್ಯಗಳನ್ನು ಚೀಲಕ್ಕೆ ಹಾಕಿಕೊಂಡು 11 ಗಂಟೆ 45 ನಿಮಿಷಕ್ಕೆ ಹೊರಟುಹೋದರು. ಒಂಬತ್ತು ವರ್ಷದಲ್ಲಿ ಅವರು ಆಡಿದ ಒಂದೇ ಒಂದು ಬುದ್ಧಿವಂತಿಕೆಯ ಮಾತು ಅದು.

ಇಂದು 14ನೇ ತಾರೀಖು ಬುಧವಾರ ಬೆಳಿಗ್ಗೆ 10 ಗಂಟೆ 10 ನಿಮಿಷಕ್ಕೆ ಫೋಟೋಗಳ ಸಮೇತ ಠಾಣೆಗೆ ಬಂದೆ. ಅಧಿಕಾರಿಗಳು ಹೊರಗೆ ಹೋಗಿದ್ದರಿಂದ ಮೊಗಸಾಲೆಯ ಬೆಂಚಿನಲ್ಲಿ ಕುಳಿತೆ. ಬೆಂಚಿನ ಆ ತುದಿಯಲ್ಲಿ ಸುಮಾರು ಮೂವತ್ತು ವರ್ಷದ ಒಬ್ಬ ಹೆಂಗಸು ಫೈಲು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನ್ನ ಕೈಯಲ್ಲಿದ್ದ ಫೋಟೋ ನೋಡಿ, ಆ ಚೀಟಿ ಬರೆದವರು ನೀವೇನಾ ಎಂದು ಕೇಳಿದರು. ಹೌದು ಎಂದೆ. ತಾನು ಡಾಕ್ಟರ ಸೊಸೆ ಎಂದರು. ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಆಕೆ ಅಳಲಿಲ್ಲ, ಬೈಯಲೂ ಇಲ್ಲ.

ನಿಮಗೆ ಅವತ್ತೇ ಗೊತ್ತಿತ್ತಾ ಎಂದು ಮಾತ್ರ ಕೇಳಿದರು. ಗೊತ್ತಿತ್ತು ಎಂದೆ. ನನಗೆ ನಾಣ್ಯದ ಬಗ್ಗೆ ಏನೂ ಗೊತ್ತಿಲ್ಲ, ಆದ್ರೂ ಮದುವೆಯಾಗಿ ಬಂದ ಮೊದಲನೇ ವಾರಾನೇ, ಮಾವ, ಪೇಸ್ಟ್ ಹಾಕಿ ಉಜ್ಜಿದ್ರೆ ಗೀರು ಬೀಳಲ್ವಾ ಅಂತ ಕೇಳಿದ್ದೆ, ನಿನಗೇನು ಗೊತ್ತು, ಒಳಗೆ ಹೋಗು ಅಂದ್ರು ಎಂದರು. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದ ನಾನು ಹೇಳದ ಒಂದು ಮಾತನ್ನು ಏನೂ ಗೊತ್ತಿಲ್ಲದ ಆಕೆ ಹೇಳಿ ಬೈಸಿಕೊಂಡಿದ್ದರು. ನೀವ್ಯಾಕೆ ಹೇಳಲಿಲ್ಲ ಎಂದು ಕೇಳಿದರು. ತಮಾಷೆಗೆ ಎಂದೆ. ಆಮೇಲೆ ಆಕೆ ನನ್ನ ಕಡೆ ತಿರುಗಲಿಲ್ಲ.

ಆದ್ದರಿಂದ ಐದು ನಾಣ್ಯಗಳಲ್ಲಿ ಯಾವುದೂ ಕಳವಾಗಿಲ್ಲ, ಬದಲಾಗಿಯೂ ಇಲ್ಲ. ಸೊಸೆಯವರು ತಪ್ಪು ಮಾಡಿಲ್ಲ. ನನ್ನ ಚೀಟಿಯನ್ನು ಅವರ ವಿರುದ್ಧ ಬಳಸಬಾರದು. ಈ ಹೇಳಿಕೆಯ ಒಂದು ನಕಲನ್ನು ಅವರು ಕೆಲಸ ಮಾಡುವ ಆಸ್ಪತ್ರೆಗೂ ಕಳುಹಿಸಬೇಕೆಂದು ಕೋರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಓದಿದ ನಂತರ ಅಧಿಕಾರಿಗಳು, ‘ತಮಾಷೆಗೆ’ ಎಂದು ಇರುವ ಕಡೆ ‘ಕಣ್ತಪ್ಪಿನಿಂದ’ ಎಂದು ಬದಲಾಯಿಸಿದರೆ ನಿಮಗೂ ಒಳ್ಳೆಯದು, ಅಂಗಡಿಗೂ ಒಳ್ಳೆಯದು ಎಂದು ಸಲಹೆ ಕೊಟ್ಟರು. ಬೇಡ, ಇದ್ದ ಹಾಗೇ ಇರಲಿ ಎಂದು ಹೇಳಿ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆ, ಬರಹಗಾರರ ಕೊಠಡಿ
ದಿನ: 14ನೇ ತಾರೀಖು, ಬುಧವಾರ, ಮಧ್ಯಾಹ್ನ 12 ಗಂಟೆ 35 ನಿಮಿಷ
ಸಹಿ: (ನಾಣ್ಯ ಪರೀಕ್ಷಕ)