ಅಟ್ಟದ ಮೇಲಿನ ತವರು

ಬನ್ನಿ, ಕೂತ್ಕೊಳ್ಳಿ. ಗೋಡೆಗೆ ಒರಗಿ, ಕಾಲು ಚಾಚಿ ಕೂತ್ಕೊಳ್ಳಿ, ಇಲ್ಲಿ ಯಾರೂ ಏನೂ ಅನ್ನಲ್ಲ. ಹೂಂಗುಟ್ಟೋಕೆ ಒಬ್ಬರಿದ್ದರೆ ಸಾಕು. ಉಳಿದೋರು ಕಣ್ಣು ಮುಚ್ಚಿಕೊಂಡರೂ ಕಥೆಗೆ ಬೇಜಾರಿಲ್ಲ.

ಯಾವ ಕಾಲ ಅಂತ ಕೇಳಬೇಡಿ, ನೆನಪಿಟ್ಟೋರು ಯಾರೂ ಉಳಿದಿಲ್ಲ. ಯಾವ ಸೀಮೆ ಅಂತಲೂ ಕೇಳಬೇಡಿ. ಅದಕ್ಕೊಂದು ಹೆಸರಿಡೋಕೆ ಅಲ್ಲಿನ ಹೆಂಗಸರಿಗೆ ಪುರುಸೊತ್ತಿರಲಿಲ್ಲ, ಗಂಡಸರಿಗೆ ಜ್ಞಾಪಕ ಬರಲಿಲ್ಲ. ಆ ಸೀಮೇಲಿ ಒಂದು ಊರು, ಊರಲ್ಲಿ ಒಂದು ಮನೆ, ಮನೇಲಿ ಒಬ್ಬ ಸೊಸೆ. ಹೆಸರು ದೇವೀರಿ.

ಮನೇಲಿ ಇನ್ನು ಯಾರ್ಯಾರು? ಮಾವ ದೊಡ್ಡಯ್ಯ. ಅತ್ತೆ ನಿಂಗಾಜಮ್ಮ. ಗಂಡ ಜವರ. ಆಮೇಲೆ ನಾಲ್ಕು ಜನ ಮೈದುನರು. ಅವರ ಹೆಸರು ಬೇಡ ಬಿಡಿ, ನಾಲ್ಕು ಹೊಟ್ಟೆ ಅಂತ ತಿಳ್ಕೊಳ್ಳಿ ಸಾಕು. ದೇವೀರಿ ಆ ಮನೆ ಸೇರಿ ಮೂರು ವರ್ಷ. ಇನ್ನೂ ಮಕ್ಕಳಾಗಿರಲಿಲ್ಲ. ಅದಕ್ಕೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಅನ್ನೋರು, ಅದು ಬೇರೆ ಕಥೆ, ಇವತ್ತು ಬೇಡ.

ಕೇಳಿ. ಕೋಳಿ ಕೂಗೋ ಮುಂಚೆ ಎದ್ದರೆ ಸಗಣಿ ಬಾಚಬೇಕು, ನೀರು ಸೇದಬೇಕು, ರಾಗಿ ಬೀಸಬೇಕು. ಬೀಸಿದ್ದು ಮುದ್ದೆಯಾಗಬೇಕು, ಮುದ್ದೆ ಹೊಟ್ಟೆ ಸೇರಬೇಕು, ತಟ್ಟೆ ತೊಳೀಬೇಕು. ತೊಳೆದು ಬೋರಲು ಹಾಕೋದರೊಳಗೆ ಮತ್ತೆ ಎಲ್ಲರಿಗೂ ಹಸಿವು. ನಡುವೆ ಕರೆ ಬೇರೆ. ‘ದೇವೀರಿ, ಉಪ್ಪೆಲ್ಲಿ?’ ‘ದೇವೀರಿ, ಕಂಬಳಿ ಎಲ್ಲಿ?’ ‘ಅತ್ತಿಗೇ, ಕುಡಗೋಲು ಎಲ್ಲಿ?’ ಆ ಮನೆಯ ಅಷ್ಟೂ ಸಾಮಾನು ಅವಳ ತಲೆಯೊಳಗೇ ಇದ್ದವು. ಅವಳು ಹೇಳದೆ ಉಪ್ಪಿನ ಮಡಕೆ ಯಾರ ಕಣ್ಣಿಗೂ ಕಾಣಿಸುತ್ತಿರಲಿಲ್ಲ. ಅದು ಎದುರಿಗೇ ಇದ್ದರೂ.

ಹಂಗಾದರೆ ಬಿಡುವೇ ಇಲ್ಲವಾ? ಇತ್ತು. ಆ ಸೀಮೇಲಿ ಸೊಸೆಯಂದಿರಿಗೆ ವರ್ಷಕ್ಕೆ ಒಂಬತ್ತು ದಿನ. ಸುಗ್ಗಿ ಮುಗಿದ ಮೇಲೆ ತವರಿನಿಂದ ಕರೆ ಬರಬೇಕು. ಅಣ್ಣನೋ ತಮ್ಮನೋ ಗಾಡಿ ಕಟ್ಟಿಕೊಂಡು ಬಂದು ಊರಾಚೆ ನಿಲ್ಲಿಸಬೇಕು. ಯಾಕೆ ಊರಾಚೆ? ಬೀಗರ ಹೊಸಲು ತುಳಿದರೆ ಊಟ ಮಾಡದೆ ಹೋಗೋ ಹಾಗಿಲ್ಲ. ಊಟಕ್ಕೆ ಕೂತರೆ ಆ ಅಡುಗೆನೂ ಅವಳೇ ಮಾಡಬೇಕು. ಅದಕ್ಕೇ.

ತವರಿದ್ದರೆ ಒಂಬತ್ತು ದಿನ. ತವರಿಲ್ಲದಿದ್ದರೆ? ಒಂದು ದಿನವೂ ಇಲ್ಲ. ಪಕ್ಕದ ಮನೆಯವಳಿಗೆ ತವರು ತೀರಿಹೋದ ವರ್ಷ ನಿಂಗಾಜಮ್ಮನೇ ಜಗಲೀಲಿ ಕೂತು ಅಂದಿದ್ದಳು: “ಹೋಗೋಕೆ ಜಾಗ ಇಲ್ಲದೋಳಿಗೆ ಒಂಬತ್ತು ದಿನ ಯಾಕವ್ವ? ಎಲ್ಲಿಟ್ಕೋತಾಳೆ ಅದನ್ನ?”

ದೇವೀರಿ ಆವಾಗ ತಟ್ಟೆ ತೊಳೀತಿದ್ದಳು. ಕೇಳಿಸಿಕೊಂಡಳು.

ದೇವೀರಿಯ ಅಪ್ಪ ಅವ್ವ ಹೋಗಿ ವರ್ಷವೆರಡಾಗಿತ್ತು. ಉಳಿದಿದ್ದೋನು ಅಣ್ಣ ಒಬ್ಬ. ಆ ವರ್ಷ ಸುಗ್ಗಿ ಮುಗೀತು. ಊರೂರು ತಿರುಗಿ ತವರಿನ ಸುದ್ದಿ ತರೋ ಬಳೆಗಾರ ಬಂದ. ದೇವೀರಿಯ ಕೈ ಹಿಡಿದು ಒಂದು ಬಳೆ ಏರಿಸಿದ, ಏನೂ ಹೇಳಲಿಲ್ಲ. ಎರಡು ಬಳೆ ಏರಿಸಿದ, ಏನೂ ಹೇಳಲಿಲ್ಲ. ಮೂರನೇ ಬಳೆಗೆ ಬಾಯಿಬಿಟ್ಟ.

“ತಾಯಿ, ನಿಮ್ಮಣ್ಣ ಹೆಂಡತಿ ಕಡೆಯೋರ ಹಿಂದೆ ಹೊಳೆ ದಾಟಿ ಹೊರಟೋದ. ಮನೇನ ಬೇರೆಯೋರಿಗೆ ಬಿಟ್ಟುಕೊಟ್ಟ. ಈಗ ಆ ಬಾಗಿಲಲ್ಲಿ ಅವರ ಎಮ್ಮೆ ಕಟ್ಟಿದೆ.”

“ನಂಗೇನಾದ್ರೂ ಹೇಳಿ ಕಳಿಸಿದ್ನಾ?”

ಬಳೆಗಾರ ತನ್ನ ಬಳೆ ಮಲಾರದ ಗಂಟು ಬಿಗಿದ. “ಹೇಳೋಣ ಅಂತಿದ್ದ ಅನ್ಸತ್ತೆ ಕಣವ್ವ.”

ದೇವೀರಿ ಅತ್ತಳಾ? ಇಲ್ಲ. ಅಳೋದಕ್ಕೆ ಒಂದು ಕಡೆ ಕೂರಬೇಕು. ಅವಳಿಗೆ ಮೊದಲು ಹೊಳೆದಿದ್ದು ಅಣ್ಣನೂ ಅಲ್ಲ, ಮನೆಯೂ ಅಲ್ಲ. ನಾಚಿಕೆಯಾದರೂ ಇದ್ದದ್ದು ಹೇಳ್ತೀನಿ. ‘ಅಯ್ಯೋ, ನನ್ನ ಒಂಬತ್ತು ದಿನ ಹೋಯ್ತಲ್ಲಾ!’ ಅಂತ ಅನಿಸಿತು. ಈ ವರ್ಷದ್ದು ಮಾತ್ರವಾ? ಬರೋ ವರ್ಷದ್ದು, ಅದರಾಚೆ ವರ್ಷದ್ದು, ಸಾಯೋತನಕದ್ದು.

ನೀರು ಸೇದಿದಳು, ಯೋಚಿಸಿದಳು. ರಾಗಿ ಬೀಸಿದಳು, ಯೋಚಿಸಿದಳು. ಮಾರನೇ ದಿನ ಬೆಳಗ್ಗೆ ಹೋಗಿ ಅತ್ತೆ ಮುಂದೆ ನಿಂತಳು.

“ಅತ್ತೆ, ಕರೆ ಬಂತು. ಅಣ್ಣ ಊರಾಚೆ ಗಾಡಿ ನಿಲ್ಲಿಸಿದಾನಂತೆ.”

ನಿಂಗಾಜಮ್ಮ ಅವಳನ್ನ ಮೇಲಿಂದ ಕೆಳಗೆ ನೋಡಿದಳು. “ಹೋಗು. ಒಂಬತ್ತು ಅಂದ್ರೆ ಒಂಬತ್ತು ಮತ್ತೆ. ಹತ್ತನೇದು ನನ್ನ ಮಂಡಿ ತಡೆಯಲ್ಲ.”

ದೇವೀರಿ ಹುರಿಹಿಟ್ಟು ಕಟ್ಟಿಕೊಂಡಳು, ಬೆಲ್ಲ ಕಟ್ಟಿಕೊಂಡಳು, ಸೋರೆಬುರುಡೆಗೆ ನೀರು ತುಂಬಿಕೊಂಡಳು. ಮುಂಬಾಗಿಲಿಂದ ಹೊರಟಳು. ಬೀದಿ ಕೊನೇತನಕ ಹೋದಳು. ಹುಲ್ಲಿನ ಬಣವೆ ಸುತ್ತಿ ಹಿಂದಕ್ಕೆ ಬಂದಳು. ಗಂಡಸರು ಹೊಲದಲ್ಲಿ, ಅತ್ತೆ ಬಾವಿ ಹತ್ತಿರ. ಹಿತ್ತಲ ಬಾಗಿಲಿಂದ ಒಳಗೆ ಬಂದು, ಏಣಿ ಹತ್ತಿ, ಅಟ್ಟ ಸೇರಿಕೊಂಡಳು.

ಹೂಂ, ಅದೇ ಮನೆಯ ಅಟ್ಟ. ಇನ್ನೆಲ್ಲಿಗೆ ಹೋಗ್ತಾಳೆ? ಮತ್ತೆ ಬಯಲಿಗೆ ಹೋಗೋದು ಅಂತೀರಾ? ಬೇರೆ ಕಥೇಲಿ ಯಾರೂ ಇದನ್ನ ಕೇಳಲ್ಲ, ನೀವು ಕೇಳ್ತೀರಿ ಅಂತ ನಂಗೆ ಗೊತ್ತಿತ್ತು. ಮನೆ ಖಾಲಿಯಿದ್ದಾಗ ಹಿತ್ತಲ ಬಾಗಿಲು ಇತ್ತಲ್ಲ.

ಮೊದಲನೇ ದಿನ ಏನು ಮಾಡಿದಳು? ಮಲಗಿದಳು. ಎದ್ದಳು, ಯಾರೂ ಕರೀಲಿಲ್ಲ, ಮಲಗಿದಳು. ಮತ್ತೆ ಎದ್ದಳು, ಆಗಲೂ ಯಾರೂ ಕರೀಲಿಲ್ಲ, ಮಲಗಿದಳು. ಮೂರನೇ ಸಲ ಎಚ್ಚರಾದಾಗ ಸುಮ್ಮನೆ ಸೂರು ನೋಡ್ತಾ ಬಿದ್ದುಕೊಂಡಳು.

ಅಟ್ಟದಲ್ಲಿ ಏನಿತ್ತು? ಬಿತ್ತನೆ ರಾಗಿಯ ಮೂಟೆ, ಹುಣಸೆಹಣ್ಣಿನ ಕುಕ್ಕೆ, ಒಂದು ಹಳೇ ತೊಟ್ಟಿಲು, ಒಂದು ಹರಕು ಕಂಬಳಿ. ಅಡುಗೆ ಒಲೆಯ ಹೊಗೆ ಹೋಗೋ ಕಡೆ ಗೋಡೆ ಬೆಚ್ಚಗಿತ್ತು. ಅಲ್ಲಿಗೆ ಸೊಂಟ ಕೊಟ್ಟು ಕೂತರೆ, ಮೂರು ವರ್ಷದಿಂದ ಸೊಂಟದೊಳಗೆ ಕೂತಿದ್ದ ಒಂದು ಗಂಟು ಮೆಲ್ಲಗೆ ಸಡಿಲವಾಗೋದು. ಬೆಳಕಿಂಡಿಯಿಂದ ಬಿಸಿಲು ಬೀಳೋದು, ಅಂಗೈಯಷ್ಟಗಲ. ಬೆಳಗ್ಗೆ ಕುಕ್ಕೆ ಮೇಲಿದ್ದದ್ದು ನಡುಹಗಲಿಗೆ ಮೂಟೆ ಮೇಲೆ ಬರೋದು. ಅಲ್ಲಿ ಪಾದ ಇಟ್ಟು ಬಿಸಿಲು ಕಾಯಿಸಿಕೊಂಡಳು. ಒಂದು ತುಂಡು ಬೆಲ್ಲ, ಒಂದೆಸಳು ಹುಣಸೆಹಣ್ಣು, ಎರಡನ್ನೂ ಒಟ್ಟಿಗೆ ಬಾಯಿಗಿಟ್ಟು, ಕರಗೋತನಕ ಬೇರೇನೂ ಮಾಡಲಿಲ್ಲ. ತಲೆಗೂದಲ ಸಿಕ್ಕು ಬಿಡಿಸಿಕೊಂಡಳು, ಬುಡದತನಕ. ಅದಕ್ಕೇ ಅರ್ಧ ದಿನ ಹಿಡೀತು.

ಆದರೆ ಒಂದು ಭಯ ಇತ್ತಲ್ಲ. ಯಾವುದು? ಅವಳ ಬಾಯಿ.

ಮೊದಲನೇ ದಿನ ಸಂಜೆ ಕೆಳಗಿಂದ ಗಂಡ ಕೂಗಿದ. “ದೇವೀರೀ, ಉಪ್ಪೆಲ್ಲಿ?” ನಾಲಿಗೆ ಆಗಲೇ ಹಲ್ಲಿನತನಕ ಬಂದಿತ್ತು. ಬಾಯಿಗೆ ಸೆರಗು ತುರುಕಿಕೊಂಡಳು. “ಓ, ಊರಿಗೋಗಿದಾಳಲ್ವಾ,” ಅಂತ ಅವನೇ ಗೊಣಗಿದ. ಉಪ್ಪಿಲ್ಲದೆ ಉಂಡ.

ಎರಡನೇ ದಿನ ಮಾವ ಕೂಗಿದ. “ದೇವೀರಮ್ಮಾ, ನನ್ನ ಎಲೆಅಡಿಕೆ ಚೀಲ ಎಲ್ಲವ್ವ?” ಬೆಲ್ಲದ ತುಂಡು ತುರುಕಿಕೊಂಡಳು. ಚೀಲ ಅವನ ಸೊಂಟದಲ್ಲೇ ಇತ್ತು ಅಂತ ಅವಳಿಗೆ ಗೊತ್ತು. ಅವನಿಗೆ ಗೊತ್ತಾಗೋಕೆ ಹೊತ್ತು ಹಿಡೀತು.

ಮೂರನೇ ದಿನ ಬೆಳಗ್ಗೆ ನಾಲ್ಕು ಹೊಟ್ಟೆಗಳೂ ಒಟ್ಟಿಗೇ ಕೂಗಿದವು. “ಅತ್ತಿಗೇ, ಒನಕೆ ಎಲ್ಲೀ?” ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಕಂಬಳಿಯೊಳಗೆ ಮುದುಡಿಕೊಂಡಳು.

ಗೆದ್ದೆ ಅಂದುಕೊಂಡಳು. ಮೂರು ಸಲ ಗೆದ್ದೋಳಿಗೆ ಇನ್ನೇನು ಭಯ?

ಆವತ್ತೇ ನಡುಹಗಲು. ಗಂಡಸರೆಲ್ಲ ಹೊಲಕ್ಕೆ ಹೋಗಿ ಮನೆ ಮೌನವಾಗಿತ್ತು. ಅಟ್ಟದ ಕೆಳಗೆ ಹೆಜ್ಜೆ ಸದ್ದು ಬಂದು ನಿಂತಿತು. ಮಂಡಿ ಕಟಕ್ ಅಂತು. ಅತ್ತೆಯ ದನಿ, ಮೆಲ್ಲಗೆ, ಮಡಕೆ ಜೊತೆ ಮಾತಾಡೋ ಹಾಗೆ:

“ಮಜ್ಜಿಗೆಗೆ ಉಪ್ಪು ಹಾಕಲಾ, ಹಂಗೇ ಬೇಕಾ?”

“ಉಪ್ಪು ಹಾಕಿ ಅತ್ತೆ.”

ಅಂದುಬಿಟ್ಟಳು!

ನೋಡಿ, ‘ಎಲ್ಲಿ’ ಅನ್ನೋ ಮಾತಿಗೆ ಬಾಯಿಗೆ ಬೀಗ ಹಾಕಿದ್ದಳು. ‘ಬೇಕಾ’ ಅನ್ನೋದಕ್ಕೆ ಹಾಕಿರಲಿಲ್ಲ. ಮೂರು ವರ್ಷದಲ್ಲಿ ಆ ಮಾತನ್ನ ಆ ಮನೇಲಿ ಅವಳನ್ನ ಯಾರೂ ಕೇಳಿರಲಿಲ್ಲ. ಯಾರೂ ಬರದ ದಾರಿಗೆ ಯಾರಾದರೂ ಕಾವಲು ಹಾಕ್ತಾರಾ?

ಏಣಿ ಕಿರುಗುಟ್ಟಿತು. ಮೊದಲು ಮಜ್ಜಿಗೆ ಚೆಂಬು ಬಂತು, ಆಮೇಲೆ ಅತ್ತೆಯ ತಲೆ ಬಂತು, ಆಮೇಲೆ ಉಸ್ ಅಂತ ನಿಟ್ಟುಸಿರು ಬಂತು. ನಿಂಗಾಜಮ್ಮ ಅಟ್ಟದ ಅಂಚಲ್ಲಿ ಕುಕ್ಕರಿಸಿದಳು.

“ಏನಮ್ಮಿ, ತವರಲ್ಲಿ ಎಲ್ಲ ಕ್ಷೇಮವಾ?”

ದೇವೀರಿ ತಲೆ ತಗ್ಗಿಸಿದಳು. “ಯಾವಾಗ ಗೊತ್ತಾಯ್ತು ಅತ್ತೆ?”

“ಹೊಸಲು ದಾಟೋವಾಗಲೇ. ತವರಿಗೆ ಹೋಗೋಳು ತಲೆಗೆ ಎಣ್ಣೆ ಹಾಕ್ಕೊಂಡು ಒಳ್ಳೆ ಸೀರೆ ಉಟ್ಕೊಂಡು ಹೋಗ್ತಾಳೆ. ನೀನು ಸಗಣಿ ಬಾಚೋ ಸೀರೇಲೇ ಹೊರಟೆ. ಜೊತೆಗೆ ಗೊರಕೆ ಬೇರೆ ಹೊಡೀತೀಯ.”

“ನಾನಾ? ಗೊರಕೆಯಾ?”

“ಅಟ್ಟದಲ್ಲಿ ಬೆಕ್ಕು ಸೇರ್ಕೊಂಡಿದೆ ಅಂತ ನಿನ್ನ ಗಂಡನಿಗೆ ಹೇಳಿದೀನಿ. ನಂಬಿದಾನೆ.”

ಆಗ ಬಂತು ನೋಡಿ ಅಳು. ಅಣ್ಣ ಹೋಗಿದ್ದು, ಮನೆ ಹೋಗಿದ್ದು, ಬಾಗಿಲಲ್ಲಿ ಎಮ್ಮೆ ಕಟ್ಟಿದ್ದು, ಎಲ್ಲ ಹೇಳಿದಳು. ಹೇಳ್ತಾ ಹೇಳ್ತಾ ಗಂಟು ಕಟ್ಟೋಕೆ ಶುರುಮಾಡಿದಳು. “ಇಳಿದು ಬರ್ತೀನಿ ಅತ್ತೆ. ಹೋಗೋಕೆ ಜಾಗ ಇಲ್ಲದೋಳು ನಾನು. ಇನ್ನು ಕೇಳಲ್ಲ.”

ನಿಂಗಾಜಮ್ಮ ಅಂಚಿಂದ ಒಳಕ್ಕೆ ಸರಿದು ಕೂತಳು. ನೋಯೋ ಸೊಂಟವನ್ನ ಹಿಂದಿನ ಗೋಡೆಗೆ ಒರಗಿಸಿದಳು.

“ಇದೇನೇ, ಈ ಗೋಡೆ ಬೆಚ್ಚಗಿದೆ!”

“ಹೂಂ ಅತ್ತೆ. ಆ ಮೂಟೆ ಮೇಲೆ ಕಾಲಿಡಿ. ಈ ಹೊತ್ತಿಗೆ ಬಿಸಿಲು ಅಲ್ಲಿಗೇ ಬರತ್ತೆ.”

ಕಾಲಿಟ್ಟಳು. ಬೆರಳು ಅಗಲಿಸಿದಳು. ಹಿಮ್ಮಡಿ ತುಂಬಾ ಬಿರುಕು. “ಮೂವತ್ತೈದು ವರ್ಷ ಆಯ್ತು ಈ ಮನೆಗೆ ಬಂದು. ಈ ಅಟ್ಟ ಹತ್ತಿದೀನಿ, ಏನೋ ತಗೊಂಡಿದೀನಿ, ಇಳಿದಿದೀನಿ. ಕೂತಿರಲಿಲ್ಲ.”

ದೇವೀರಿ ಬೆಲ್ಲ ಮುರಿದು ಕೊಟ್ಟಳು. ಹುಣಸೆಹಣ್ಣೂ ಕೊಟ್ಟಳು. ಅತ್ತೆ ಚೀಪಿದಳು. ಸೊಸೆ ಮಜ್ಜಿಗೆ ಕುಡಿದಳು.

“ನಮ್ಮಣ್ಣ ತೀರಿಕೊಂಡು ಇಪ್ಪತ್ತೆರಡು ವರ್ಷ ಕಣೆ,” ಅಂದಳು ನಿಂಗಾಜಮ್ಮ. “ಅವತ್ತಿಂದ ನಂಗೂ ಇಲ್ಲ ಒಂಬತ್ತು ದಿನ. ನಾನೇನು ಸುಮ್ಮನಿದ್ನಾ? ಒಂದ್ಸಲ ಜ್ವರ ಅಂತ ಮಲಗಿದೆ, ಕಷಾಯ ಕುಡಿಸಿ ಎಬ್ಬಿಸಿದ್ರು. ಒಂದ್ಸಲ ಮೈಮೇಲೆ ದೇವರು ಬಂತು ಅಂದೆ, ಊರಿಗೂರೇ ಬಂತು ಪ್ರಶ್ನೆ ಕೇಳೋಕೆ, ಬಂದೋರಿಗೆಲ್ಲ ನಾನೇ ಬೇಯಿಸಿ ಹಾಕಿದೆ. ಒಂದ್ಸಲ ಮುನಿಸ್ಕೊಂಡು ಕೂತೆ, ಯಾರಿಗೂ ಗೊತ್ತೇ ಆಗ್ಲಿಲ್ಲ. ಅಟ್ಟ ಹೊಳೀಲಿಲ್ಲ ನೋಡು ನಂಗೆ.”

“ಮತ್ತೆ ಪಕ್ಕದ ಮನೆಯೋಳಿಗೆ ಹಂಗಂದ್ರಲ್ಲ ಅತ್ತೆ?”

“ನಂಗೆ ನಮ್ಮತ್ತೆ ಅಂದಿದ್ದನ್ನ ಅವಳಿಗೆ ಅಂದೆ.” ಮುದುಕಿ ಬೆಲ್ಲದ ಕೈ ಸೀರೆಗೆ ಒರೆಸಿಕೊಂಡಳು. “ಅನ್ನಬಾರದಿತ್ತು.”

ಆಮೇಲೆ ಎದ್ದಳು. ದೇವೀರಿಯೂ ಗಂಟು ಹಿಡಿದು ಎದ್ದಳು.

“ನೀನೆಲ್ಲಿಗೆ? ಇನ್ನೂ ಆರು ದಿನ ಇದೆ. ಒಂಬತ್ತು ಅಂದ್ರೆ ಒಂಬತ್ತು.”

“ನಿಮ್ಮ ಮಂಡಿ, ಅತ್ತೆ?”

“ಆ ನಾಲ್ಕು ಜನಕ್ಕೆ ಒನಕೆ ಎಲ್ಲಿದೆ ಅಂತ ಬೆಳಗ್ಗೆ ತೋರಿಸಿದೆ. ಹೆಂಗೆ ಹಿಡಿಯೋದು ಅಂತ ನಾಳೆ ತೋರಿಸ್ತೀನಿ.”

ಹಾಗೆ ಆರು ದಿನ ಕಳೀತು. ದಿನಾ ಮಜ್ಜಿಗೆ ಬಂತು, ಒಂದು ದಿನ ಬಿಸಿ ರೊಟ್ಟಿ ಮೇಲೆ ಬೆಣ್ಣೆ ಬಂತು. ಕೆಳಗೆ ಒನಕೆ ಒಬ್ಬನ ಕಾಲ ಮೇಲೆ ಬಿದ್ದಿದ್ದೂ ಕೇಳಿಸಿತು. ದೇವೀರಿ ರಾಣಿಯಾದಳು, ಕುಣಿದಳು ಅಂತ ಸುಳ್ಳು ಹೇಳಲ್ಲ. ಮೂರು ವರ್ಷದ ಆಯಾಸ ಒಂಬತ್ತು ದಿನಕ್ಕೆ ಇಳಿಯುತ್ತಾ? ಒಂದು ಇಡೀ ದಿನ ಅವಳು ತವರಿನ ಮನೆ ನೆನೆದು ನೆನೆದು ಅತ್ತಳು, ಅಂಗಾತ ಮಲಗಿ, ನಿಧಾನವಾಗಿ. ಅದೂ ಆಗಬೇಕಿತ್ತು. ಹತ್ತನೇ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು, ಹಿತ್ತಲಿಂದ ಹೊರಗೆ ಹೋಗಿ, ಬೀದಿ ಸುತ್ತಿ, ಮುಂಬಾಗಿಲಿಂದ ಒಳಗೆ ಬಂದಳು.

“ಬಂದ್ಯಾ?” ಅಂದ ಜವರ. “ನನ್ನ ಕಂಬಳಿ ಎಲ್ಲಿ?”

ಕಥೆ ಮುಗೀತು ಅಂದುಕೊಂಡ್ರಾ? ಇನ್ನೊಂದು ಚೂರಿದೆ, ಕೇಳಿ.

ಅದಾಗಿ ಎಂಟು ದಿನಕ್ಕೆ, ಗಂಡಸರು ಹೊಲದಿಂದ ಬಂದು ಉಂಡು ಜಗಲೀಲಿ ಕೂತಿದ್ದರು. ನಿಂಗಾಜಮ್ಮ ಒಳಗಿಂದ ಬಂದಳು. ತಲೆಗೆ ಎಣ್ಣೆ. ಪೆಟ್ಟಿಗೆ ತಳದ ಸೀರೆ, ಮಡಿಕೆ ಇನ್ನೂ ಬಿಟ್ಟಿರಲಿಲ್ಲ. ಕಂಕುಳಲ್ಲಿ ಗಂಟು. ಗಂಡನ ಮುಂದೆ ಬಂದು ನಿಂತಳು.

“ಕೇಳಿಸ್ತಾ? ನಮ್ಮಣ್ಣ ಬಂದಿದಾನಂತೆ, ಊರಾಚೆ ನಿಂತಿದಾನೆ. ಒಂಬತ್ತು ದಿನ ತವರಿಗೆ ಹೋಗಿ ಬರ್ತೀನಿ.”

ಬಾಗಿಲ ಹಿಂದೆ ನಿಂತಿದ್ದ ದೇವೀರಿ ಕದವನ್ನ ಗಟ್ಟಿಯಾಗಿ ಹಿಡಿದುಕೊಂಡಳು. ಯಾಕೆ ಹೇಳಿ? ಆ ಅಣ್ಣನ ಚಟ್ಟಕ್ಕೆ ಹೆಗಲು ಕೊಟ್ಟೋನೇ ಈ ದೊಡ್ಡಯ್ಯ. ‘ಸತ್ತೋನು ಎಲ್ಲಿಂದ ಬಂದನೇ?’ ಅಂತ ಅವನು ಒಂದು ಮಾತು ಕೇಳಿದರೆ ಸಾಕು, ಅತ್ತೆಯ ಒಂಬತ್ತೂ ಹೋಯ್ತು, ಸೊಸೆಯದೂ ಹೋಯ್ತು.

ದೊಡ್ಡಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕೈ ನಿಂತಿತು. ಹೆಂಡತಿಯ ಮುಖ ನೋಡಿದ. ಎಣ್ಣೆ ಹಾಕಿ ಬಾಚಿದ್ದ ಬಿಳಿ ತಲೆ ನೋಡಿದ. ಬಿರುಕು ಬಿಟ್ಟ ಕಾಲು ನೋಡಿದ, ಬಹಳ ಹೊತ್ತು ನೋಡಿದ.

“ಹೌದಾ?” ಅಂದ. “ಹೋಗಿ ಬಾ. ಭಾವನಿಗೆ ನಾನು ಕೇಳಿದೆ ಅಂತ ಹೇಳು.”

ಎಲೆ ಬಾಯಿಗಿಟ್ಟುಕೊಂಡು, ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದು ನಿಂತ.

“ಏಳ್ರೋ. ಎಲ್ಲಾರೂ ಏಳಿ. ಹೊಲಕ್ಕೆ ಹೋಗೋಣ.”

“ಈಗ ತಾನೆ ಬಂದ್ವಲ್ಲಪ್ಪಾ!” ಅಂದವು ನಾಲ್ಕು ಹೊಟ್ಟೆಗಳು.

“ಮತ್ತೆ ಹೋಗೋಣ,” ಅಂದ ದೊಡ್ಡಯ್ಯ. “ಮನೆ ಸ್ವಲ್ಪ ಹೊತ್ತು ಖಾಲಿ ಇರ್ಲಿ.”

ಅವರು ಹೊಲದ ದಾರಿ ಹಿಡಿದರು, ಅವಳು ಬಣವೆ ದಾರಿ ಹಿಡಿದಳು, ಕಥೆ ತನ್ನ ದಾರಿ ಹಿಡೀತು. ಅವಳಿಗೆ ಅಲ್ಲಿ ಒಳ್ಳೆ ನಿದ್ದೆ ಬರಲಿ, ನಮಗೆ ಇಲ್ಲಿ ಅರ್ಧವಾದರೂ ಬರಲಿ. ಹೇಳಿದ ಬಾಯಿಗೆ ಒಂದು ಲೋಟ ನೀರು ಕೊಡಿ. ಕೇಳಿದೋರು ಈಗಲೇ ಏಳಬೇಕಾಗಿಲ್ಲ.