ಪೋಪೋ ಬೈದ ಬೆಳಿಗ್ಗೆ

...ಅಲ್ಲ ಕಣ್ರೋ, ತಪ್ಪು ನಂದೇ, ಆದ್ರೂ ಈಗ್ಲೂ ನೆನೆಸ್ಕೊಂಡ್ರೆ ಮೈ ಉರಿಯತ್ತೆ. ಎಂಬತ್ತಾರೋ ಎಂಬತ್ತೇಳೋ, ಅಮೆರಿಕದ ಮಿಲ್ಪಿಟಾಸಲ್ಲಿ ಕಂಪ್ಯೂಟರ್ ಬೋರ್ಡಿಗೆ ಬೆಸುಗೆ ಹಾಕೋ ಕೆಲಸ ನಂಗೆ, ಸೇರಿ ಆರೇ ವಾರ, ಮೂರು ದಿನ ತಪ್ಪಿಸಿದ್ರೆ ಕೆಲಸ ಹೋಯ್ತು ಅಂತಾನೇ. ನಿಮ್ಮಮ್ಮ ಸುಮಾಗೆ ನಾಲ್ಕು ವರ್ಷ. ಡೇಕೇರು ನಮಗೆಲ್ಲಿ ಗಿಟ್ಟತ್ತೆ? ಪಕ್ಕದ ಮನೆ ಚೀನಾದೋಳು, ಲಿನ್ ಅಂತ, ನನ್ನ ಜೊತೇನೇ ಕೆಲಸ, ಅವಳಮ್ಮ ಮೊಮ್ಮಗಳು ಮೇ ಜೊತೆ ನಿಮ್ಮಮ್ಮನ್ನೂ ನೋಡ್ಕೋತಿದ್ರು. ಪೋಪೋ ಅನ್ನಬೇಕು ಅವರನ್ನ, ಅಂದ್ರೆ ಅಜ್ಜಿ, ತಾಯಿ ಕಡೆ ಅಜ್ಜಿ. ಏನು ಶಿಸ್ತು ಅಂತೀರಾ! ಊಟಕ್ಕೆ ಕೂತ್ರೆ ದೊಡ್ಡೋರನ್ನ ಒಬ್ಬೊಬ್ಬರನ್ನೇ ಕರೆದು 'ಊಟ ಮಾಡಿ' ಅನ್ನಬೇಕು, ಆಮೇಲೇ ಮಕ್ಕಳು ಬಾಯಿಗಿಡೋದು. ನೀವಿದೀರಲ್ಲ, ತಟ್ಟೆ ಬಂದ ತಕ್ಷಣ... ಇರ್ಲಿ, ಅದು ಬೇರೆ ಮಾತು.

ಒಂದು ಸಂಜೆ ಮೇ ಬ್ರಷ್ಷಲ್ಲಿ ಚೀನೀ ಅಕ್ಷರ ಬರೆದು ತೋರಿಸ್ತು. 'ಎಷ್ಟು ಜಾಣೆ ನಿನ್ನ ಮಗಳು!' ಅಂದೆ. ಲಿನ್ನು, 'ನೋ ನೋ, ಪೆದ್ದು, ಸೋಮಾರಿ' ಅಂದ್ಲು. ಮಗು ತಲೆ ತಗ್ಗಿಸ್ತು. ನಂಗೆಲ್ಲಿ ತಡ್ಕೊಳಕ್ಕಾಗತ್ತೆ! 'ಎಂಥ ತಾಯಿ ನೀನು, ಮಗು ಮುಂದೆ ಹಾಗಂತಾರಾ?' ಅಂತ ಅವಳಮ್ಮನ ಎದುರಿಗೇ ಉಪದೇಶ ಬಿಗಿದೆ. ಲಿನ್ ಮುಖ ಕೆಂಪಗಾಯ್ತು. ಮಾರನೇ ಬೆಳಿಗ್ಗೆ ಬಾಗಿಲಲ್ಲೇ, 'ಅಮ್ಮನಿಗೆ ಮಂಡಿ ನೋವು, ಮಗು ನೋಡ್ಕೊಳಕ್ಕಾಗಲ್ಲ' ಅಂದ್ಲು. ಮಂಡಿ ನೋವಂತೆ! ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಸೊಪ್ಪು ನೆಡ್ತಾ ಇದ್ದದ್ದು ನಂಗೆ ಕಾಣ್ತಾನೇ ಇದೆ.

ಎರಡು ದಿನ ಮನೇಲಿ ಕೂತು ಕುದ್ದೆ. ನಿಮ್ಮ ತಾತ ಒಬ್ಬರು, ಪೇಪರು ಇಳಿಸದೇ ಕೇಳಿದ್ರು, 'ಲಿವರ್‌ಮೋರ್ ದೇವಸ್ಥಾನದಲ್ಲಿ ಯಾರೋ ಸುಮಾ ಮುದ್ದಾಗಿದಾಳೆ ಅಂದಾಗ ನೀನೇನಂದೆ?' ಏನಂದಿದ್ದೆ? 'ಎಲ್ಲಿ ಮುದ್ದು, ಒಣಕಲು ಕಡ್ಡಿ, ಬರೀ ಹಟ' ಅಂದಿದ್ದೆ. ಮನೆಗೆ ಬಂದು ದೃಷ್ಟಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದೆ ಬೇರೆ. ನಾಚಿಕೆ ಆಯ್ತು, ಸಿಟ್ಟೂ ಬಂತು, ಅವರ ಮೇಲೋ ನನ್ನ ಮೇಲೋ ಗೊತ್ತಾಗ್ಲಿಲ್ಲ.

ಮೂರನೇ ದಿನ ಬೆಳಿಗ್ಗೆ ಹೋಗಿ, 'ತಪ್ಪಾಯ್ತು ಲಿನ್' ಅಂದೆ. ಬಾಗಿಲಿಂದ ಪಕ್ಕಕ್ಕೆ ಸರಿದ್ಲು. ಒಳಗೆ ಗಂಜಿ ಬಡಿಸಿತ್ತು. ನಿಮ್ಮಮ್ಮ ನನ್ನ ಕೈ ಬಿಡಿಸ್ಕೊಂಡು ಓಡಿಹೋಗಿ ಕೂತು, ಚಮಚ ಮುಟ್ಟದೇ, ಅವರ ಭಾಷೇಲೇ 'ಪೋಪೋ, ಊಟ ಮಾಡಿ' ಅಂದ್ಲು. ಪೋಪೋ ಬಟ್ಟಲು ಅವಳ ಮುಂದೆ ತಳ್ಳಿ ಜೋರಾಗಿ ಏನೋ ಬೈದ್ರು. ಕರ್ಕೊಂಡು ಹೋಗು ಅಂತಾರೇನೋ ಅಂದ್ಕೊಂಡೆ. ಲಿನ್ ನಗ್ತಾ ಹೇಳಿದ್ಲು, 'ಈ ಪೆದ್ದು ಸೋಮಾರಿ ಎರಡು ದಿನ ಎಲ್ಲಿಗೆ ಹೋಗಿತ್ತು ಅಂತಾರೆ.' ಮೇಗೆ ಬೈಯೋ ಥರಾನೇ ಕಣ್ರೋ, ಅದೇ ಮಾತು! ಕಣ್ಣು ತುಂಬ್ತು ನಂಗೆ. ಈ ಸಲ ತುಟಿ ಪಿಟಕ್ಕನ್ಲಿಲ್ಲ, ಕೆಲಸಕ್ಕೆ ಓಡ್ದೆ.

ಅದಕ್ಕೇ ಹೇಳೋದು, ಇನ್ನೊಬ್ಬರ ಮಗು ಪರ ಅವರಮ್ಮನ ಮುಂದೆ ವಕಾಲತ್ತು ಮಾಡಬೇಡಿ. ನಡೀರಿ ಊಟಕ್ಕೆ. ತಾತನ್ನ ಮೊದಲು ಕರೀರಿ.